ಸಂಬಂಧದ ಸರ್

ಇಂಥವು ನನಗೇ ಯಾಕೆ ಆಗುತ್ತವೆ ಅಂತ ಕೇಳುವುದನ್ನು ಬಿಟ್ಟು ಬಹಳ ವರ್ಷವಾಯಿತು. ಒಂದು ಆಗಿ ಮುಗಿಯಿತು, ಇನ್ನು ನೆಮ್ಮದಿಯಿಂದ ಕೂಡೋಣ ಅಂತ ಚಹಾದ ಕಪ್ಪಿಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ಬಡಿಯುತ್ತದೆ. ಹಾಗೆ ನೋಡಿದರೆ ನೆಮ್ಮದಿಯಿಂದ ಕೂಡುವುದು ನನ್ನ ಜಾಯಮಾನವೇ ಅಲ್ಲ. ಪಾಠವನ್ನೂ ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡುತ್ತಲೇ ಮಾಡುವವನು. ಕ್ಲಾಸಿನ ಕುರ್ಚಿಯ ಮೇಲೆ ನಾನು ಕೂತದ್ದನ್ನು ಕಂಡವರಿಲ್ಲ. "ನಿಮ್ಮ ಕಾಲಾಗ ಗಾಲಿ ಅದಾವ" ಎನ್ನುತ್ತಾಳೆ ಹೆಂಡತಿ. ಇದು ಸರಕಾರದ ಕಿವಿಗೂ ಬಿದ್ದಿರಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಅಂತ ನಾಲ್ಕೂ ಊರಿಗೆ ಉರುಳಿಸಿತು.

ನಾನು ಇತಿಹಾಸದ ಪ್ರಾಧ್ಯಾಪಕ. ನನ್ನ ವಿಶೇಷ ಅಧ್ಯಯನದ ವಿಷಯ ಯಹೂದಿ–ಕ್ರೈಸ್ತ ಸಂಬಂಧ. ಸಂಪಗಾಂವದ ಒಕ್ಕಲುತನದ ಮನೆಯವನಿಗೆ ಇದು ಎಲ್ಲಿ ಗಂಟುಬಿತ್ತು ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನನ್ನ ಗುರುಗಳ ಹತ್ತಿರ ಈ ವಿಷಯದ ಪುಸ್ತಕಗಳು ಎರಡು ಕಪಾಟು ತುಂಬ ಇದ್ದವು, ಮುಟ್ಟುವವರು ಯಾರೂ ಇರಲಿಲ್ಲ. "ತಮ್ಮಾ, ಈ ಪುಸ್ತಕಕ್ಕ ಗೆದ್ದಲ ಹತ್ತೂದಕ್ಕಿಂತ ನೀನರ ಹತ್ತು" ಎಂದರು. ಹತ್ತಿದೆ. ಒಂದೇ ದೇವರು, ಅರ್ಧಕ್ಕರ್ಧ ಒಂದೇ ಗ್ರಂಥ, ಅವರೇ ಪ್ರವಾದಿಗಳು, ಆದರೂ ಎರಡು ಸಾವಿರ ವರ್ಷದ ಮುನಿಸು! ಹತ್ತಿದವನಿಗೆ ಇಳಿಯಲು ಆಗಲೇ ಇಲ್ಲ.

ಓದಿದ್ದೇನೋ ಆಯಿತು, ಕಲಿಸಬೇಕಲ್ಲ? ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ನನ್ನದು ಒಂದೇ ಆಸೆ. ಈ ವಿಷಯವನ್ನು ಒಂದೇ ಒಂದು ತಾಸು, ಮೊದಲಿನಿಂದ ಕೊನೆಯವರೆಗೆ, ನಡುವೆ ಯಾರೂ ಅಡ್ಡ ಬರದಂತೆ ಹೇಳಿ ಮುಗಿಸಬೇಕು. ಆ ಒಂದು ತಾಸಿನ ಬೆನ್ನು ಹತ್ತಿ ಓಡಾಡಿದ ಕತೆ ಇದು.

ಸಾಲಾವಳಿ

ಬೈಲಹೊಂಗಲಕ್ಕೆ ಹೊಸದಾಗಿ ಬಂದಾಗ ಬಾಡಿಗೆ ಮನೆ ನೋಡಲು ಹೋದೆ. ಮನೆಯ ಮಾಲೀಕರು ಹತ್ತಿ ವ್ಯಾಪಾರದ ಹಿರಿಯರು. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

"ಏನ ಕಲಸ್ತೀರಿ?"

"ಇತಿಹಾಸರಿ."

"ಅದು ಕಾಲೇಜಿನ್ಯಾಗ. ನಿಮ್ಮ ಸ್ವಂತ ಓದು ಏನು?"

ಹೀಗೆ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದ ವಯಸ್ಸು. ಎದೆ ಸೆಟೆಸಿ, "ಯಹೂದಿ–ಕ್ರೈಸ್ತ ಸಂಬಂಧರಿ" ಎಂದೆ. ನಮ್ಮ ಕಡೆ ಸಂಬಂಧ ಅಂದರೆ ಒಂದೇ ಅರ್ಥ: ಹುಡುಗ, ಹುಡುಗಿ, ಚಹಾ, ಚೂಡಾ, ಮುಂದೆ ಅಕ್ಕಿಕಾಳು. ಹುಟ್ಟಿದಾಗಿನಿಂದ ಕೇಳಿದ ಮಾತು ಆ ಹೊತ್ತಿಗೆ ಮರೆತುಹೋಗಿತ್ತು.

"ಸಂಬಂಧ ಕೂಡಸ್ತೀರಿ?"

"ಕೂಡಸೂದಲ್ರಿ. ಯಾಕ ಕೂಡಲಿಲ್ಲ ಅಂತ ನೋಡೂದು."

"ಎಷ್ಟ ದಿನದಿಂದ ಕೂಡಿಲ್ಲ?"

"ಎರಡ ಸಾವಿರ ವರ್ಷದಿಂದರಿ."

ಹಿರಿಯರು ಎದ್ದು ಹೋಗಿ ಉಗುಳಿ ಬಂದರು. ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಸರ್, ನೀವಿನ್ನೂ ಸಣ್ಣವರು, ಹೇಳತೇನಿ ಕೇಳ್ರಿ. ಎರಡ ಸಾವಿರ ವರ್ಷ ನೋಡಿದ ಮ್ಯಾಲೂ ಸಾಲಾವಳಿ ಕೂಡಿ ಬಂದಿಲ್ಲ ಅಂದ್ರ ಅದನ್ನ ಕೈಬಿಡ್ರಿ. ಬ್ಯಾರೆ ಕಡೆ ಹುಡುಗಿ ನೋಡ್ರಿ."

ಮನೆ ಕೊಟ್ಟರು. ಜೊತೆಗೆ ಹೆಸರನ್ನೂ ಕೊಟ್ಟರು. ಎರಡೇ ದಿನಕ್ಕೆ ಇಡೀ ಓಣಿಗೆ ನಾನು ಸಂಬಂಧದ ಸರ್.

ಖುಷಿಯ ಮನುಷ್ಯ

ನಮ್ಮ ಪಠ್ಯಕ್ರಮದಲ್ಲಿ ನನ್ನ ವಿಷಯಕ್ಕೆ ಸೇರಿದ ಸಾಲು ಒಂದೇ ಒಂದಿತ್ತು. ಮಧ್ಯಯುಗದ ಯೂರೋಪ್ ಅನ್ನುವ ಪಾಠದ ಕೊನೆಯಲ್ಲಿ, ಊಟದ ಕೊನೆಗೆ ಉಪ್ಪಿನಕಾಯಿ ಬಡಿಸಿದ ಹಾಗೆ, "ಯಹೂದಿಗಳ ಸ್ಥಿತಿಗತಿ" ಅಂತ. ನಾನು ವರ್ಷವಿಡೀ ಆ ಸಾಲಿಗಾಗಿ ಬದುಕುತ್ತಿದ್ದೆ. ಉಳಿದ ಪಾಠಗಳನ್ನು ಓಡಿಸಿಕೊಂಡು ಬಂದು, ಆ ಸಾಲಿಗೆ ಪೂರ್ತಿ ಒಂದು ತಾಸು ಉಳಿಸಿಕೊಳ್ಳುತ್ತಿದ್ದೆ.

ಮೊದಲ ವರ್ಷ ಆ ತಾಸು ಬಂತು. "ಮಧ್ಯಯುಗದ ಯೂರೋಪಿನಲ್ಲಿ ಯಹೂದಿಗಳು..." ಎಂದೆ. ಶಿಪಾಯಿ ನೋಟೀಸಿನ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತ. ಯಾರೋ ದೊಡ್ಡವರು ತೀರಿಕೊಂಡಿದ್ದಾರೆ, ಕಾಲೇಜಿಗೆ ರಜೆ. ಎರಡನೆಯ ವರ್ಷ "ಯಹೂದಿಗಳು" ಎಂದೆ, ಶಿಪಾಯಿ ಬಂದ. ಲಸಿಕೆ ಹಾಕುವವರು ಬಂದಿದ್ದಾರೆ, ಎಲ್ಲರೂ ಅಂಗಿಯ ತೋಳು ಮಡಚಿಕೊಂಡು ಬರಬೇಕು. ಮೂರನೆಯ ವರ್ಷ ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ.

ನಾಲ್ಕನೆಯ ವರ್ಷ ನಾನೂ ಹಟಕ್ಕೆ ಬಿದ್ದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಪಾಠ ಶುರುಮಾಡಿದೆ. ಹತ್ತು ನಿಮಿಷ ಆಗಿರಲಿಲ್ಲ, ಕಿಟಕಿಯ ಸರಳಿನ ನಡುವೆ ಶಿಪಾಯಿಯ ಮುಖ ಕಾಣಿಸಿತು. ಅಲ್ಲಿಂದಲೇ ಗಟ್ಟಿಯಾಗಿ, "ಮುಂದಿನ ತಾಸಿನಿಂದ ಕ್ರೀಡಾಕೂಟದ ತಯಾರಿ ಇರೂದರಿಂದ..." ಅಂತ ಓದತೊಡಗಿದ. ಅಲ್ಲಿಗೆ ಹುಡುಗರೆಲ್ಲ ಬೆಂಚು ಹಾರಿ ಹೊರಗೆ.

ನನಗೆ ತಲೆ ಕೆಟ್ಟುಹೋಯಿತು. "ಅಲ್ರೀ, ನಾ ಯಹೂದಿ ಅಂದಕೂಡ್ಲೆ ಬರತೀರಲ್ಲ, ನಿಮಗೂ ನನಗೂ ಏನ ದ್ವೇಷ ಐತಿ?" ಎಂದು ಕೂಗಾಡಿದೆ.

ಶಿಪಾಯಿ ನಿಜವಾಗಿಯೂ ನೊಂದುಕೊಂಡ. "ಸರ್, ನಾ ಎಲ್ಲಾ ಕ್ಲಾಸಿಗೂ ಹಿಂಗ ಹೋಗತೇನಿ. ಉಳದ ಸರ್‌ಗಳು ನನ್ನ ನೋಡಿದ್ರ ಖುಷಿ ಆಗ್ತಾರ. ಪಾಠ ನಿಂತರ ಸಿಟ್ಟ ಬರೂದು ಈ ಕಾಲೇಜಿನ್ಯಾಗ ನಿಮಗೊಬ್ಬರಿಗೇ ನೋಡ್ರಿ."

ಅವರ ರಾಣಿ ಯಾರು?

ಕಿತ್ತೂರಿಗೆ ವರ್ಗವಾದಾಗ ಖುಷಿಪಟ್ಟೆ. ಅದು ಇತಿಹಾಸದ ಊರು, ಅಲ್ಲಿಯವರಿಗೆ ಇತಿಹಾಸ ಬೇಕು. ಬೇಕು ನಿಜ, ಆದರೆ ಒಂದೇ ಇತಿಹಾಸ ಬೇಕು. ಯಾವ ಪಾಠ ಮಾಡಿದರೂ ಅದು ಕೊನೆಗೆ ಕೋಟೆಯ ಬಾಗಿಲಿಗೆ ಬಂದು ನಿಲ್ಲಬೇಕು.

ಒಂದು ಸಲ ಊರಿನ ತರುಣ ಮಂಡಳಿಯವರು ಕೋಟೆಯ ಹತ್ತಿರ ಒಂದು ಸಭೆ ಇಟ್ಟು, ಭಾಷಣಕ್ಕೆ ನನ್ನನ್ನು ಕರೆದರು. "ಕೋಟೆ ಮತ್ತು ಜನಜೀವನ" ಅಂತ ವಿಷಯ. ನಾನು ಬಾವುಟ ಕಂಡ ಕೂಡಲೆ ಓಡುವ ಎತ್ತಿನ ಹಾಗೆ ಓಡಿದೆ. ಕೋಟೆಯಿಂದ ಗೋಡೆಗೆ ಬಂದೆ, ಗೋಡೆಯಿಂದ ಯೂರೋಪಿಗೆ ಹಾರಿದೆ. ಅಲ್ಲಿ ಕೆಲವು ಊರುಗಳಲ್ಲಿ ಯಹೂದಿಗಳನ್ನೆಲ್ಲ ಒಂದೇ ಕೇರಿಯಲ್ಲಿ ಇಟ್ಟು, ಸುತ್ತ ಗೋಡೆ ಕಟ್ಟಿ, ಸಂಜೆಯಾದರೆ ಬಾಗಿಲು ಹಾಕುತ್ತಿದ್ದರು ಎಂದು ಹೇಳಿದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಹವಾಲ್ದಾರರೊಬ್ಬರು ಕೈ ಎತ್ತಿದರು. "ಸರ್, ಆ ಅಗಸಿ ಕೀಲಿ ಯಾರ ಕೈಯಾಗ ಇರತಿತ್ತು? ಒಳಗಿನವರದೋ, ಹೊರಗಿನವರದೋ?"

"ಹೊರಗಿನವರ ಕೈಯಾಗರಿ."

"ಹಂಗಾರ ಅದು ಕೋಟಿ ಅಲ್ಲ ಬಿಡ್ರಿ. ದನದ ದೊಡ್ಡಿ."

ಎರಡು ಕಪಾಟು ಪುಸ್ತಕ ಓದಿದರೂ ಇಷ್ಟು ನೆಟ್ಟಗಿನ ಮಾತು ನನಗೆ ಸಿಕ್ಕಿರಲಿಲ್ಲ. ಇಂದು ನನ್ನ ತಾಸು ಬಂತು, ಈ ಮನುಷ್ಯನನ್ನು ಬಿಡಬಾರದು ಅಂದುಕೊಂಡು ಮುಂದೆ ಬಾಯಿ ತೆರೆಯುವಷ್ಟರಲ್ಲಿ ಅವರು ಇನ್ನೊಂದು ಕೇಳಿದರು.

"ಅವರ ರಾಣಿ ಯಾರಿದ್ರು?"

"ಅವರಿಗೆ ರಾಣಿ ಇರಲಿಲ್ಲರಿ."

"ಅದಕ್ಕ ನೋಡ್ರಿ ಹಂಗಾತು!"

ಚಪ್ಪಾಳೆ, ಸಿಳ್ಳೆ, ರಾಣಿಗೆ ಜಯಕಾರ. ಮಂಡಳಿಯವರು ಬಂದು ನನ್ನ ಕೊರಳಿಗೆ ಹಾರ ಹಾಕಿ, "ಭಾಳ ಚಂದ ಮುಗಿಸಿದ್ರಿ ಸರ್" ಎಂದರು. ಗಡಿಯಾರ ನೋಡಿಕೊಂಡೆ. ಹನ್ನೆರಡು ನಿಮಿಷ ಆಗಿತ್ತು.

ಬೋರ್ಡು

ಸವದತ್ತಿಯಲ್ಲಿ ಮನೆಯ ಮುಂದೆ ಒಂದು ಬೋರ್ಡು ಹಾಕಿಸುವ ಹುಚ್ಚು ಹೊಕ್ಕಿತು. ಬೋರ್ಡು ನೋಡಿ ಯಾರಾದರೂ ಒಬ್ಬ ಜಿಜ್ಞಾಸು ಒಳಗೆ ಬಂದಾನು, ಅವನಿಗಾದರೂ ಒಂದು ತಾಸು ಹೇಳೋಣ ಅಂತ. ಪೇಂಟರ್ ಎಲ್ಲಿಯೋ ನಿಚ್ಚಣಿಕೆಯ ಮೇಲೆ ಇದ್ದ, ಫೋನಿನಲ್ಲೇ ಹೇಳಿ ಬರೆಸಿದೆ. ಮರುದಿನ ನಾನು ಕಾಲೇಜಿನಲ್ಲಿದ್ದಾಗ ತಂದು ಹೊಡೆದು ಹೋದ.

ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮುಖ ನೋಡಿದರೆ ಚಹಾ ಸಿಗುವ ಲಕ್ಷಣ ಇರಲಿಲ್ಲ. "ಓದ್ರಿ" ಎಂದಳು. ಓದಿದೆ. ನನ್ನ ಹೆಸರಿನ ಕೆಳಗೆ ದೊಡ್ಡ ಕೆಂಪು ಅಕ್ಷರದಲ್ಲಿ, "ಯಾವುದೋ ಕ್ರೈಸ್ತ ಸಂಬಂಧ" ಅಂತ ಬರೆದಿತ್ತು.

"ಅಲ್ಲ ಮಾರಾಯ್ತಿ, ಅದು ಯಹೂದಿ..."

"ಯಾವುದೋ ಅಂದ್ರ ಯಾವುದು? ಹೆಸರ ಹೇಳ್ರಿ."

ಎದುರು ಮನೆಯವರು, ಬಾಜೂ ಮನೆಯವರು ಕೆಲಸ ಬಿಟ್ಟು ಅಂಗಳಕ್ಕೆ ಬಂದಿದ್ದರು. ನಾನು ಅಲ್ಲಿಯೇ ಪೇಂಟರನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಜೋರು ಮಾಡಿ, "ಏನೋ ಇದು, ಯಾವುದೋ ಅಂತ ಬರದೀಯಲ್ಲ!" ಎಂದು ಒದರಿದೆ.

ಅವನು ನಿಧಾನಕ್ಕೆ ಹೇಳಿದ. "ಸರ್, ನೀವ ಹೇಳಿದ್ದ ನನಗ ಹಂಗ ಕೇಳಿಸ್ತರಿ. ನನಗೂ ಅನಿಸ್ತು, ಸರ್‌ಗೆ ಯಾವುದು ಅಂತ ನೆನಪಿರಲಿಕ್ಕಿಲ್ಲ, ಹೆಂಗೋ ಒಂದಕ್ಕಿಂತ ಹೆಚ್ಚ ಇರಬೇಕು ಅಂತ."

ಮೂರು ದಿನ ಮನೆಯಲ್ಲಿ ಬರೀ ರೊಟ್ಟಿ, ಕಾರಬ್ಯಾಳಿ ಇಲ್ಲ, ಮಾತೂ ಇಲ್ಲ. ಅಂದಿನಿಂದ ಆ ಶಬ್ದ ಯಾರು ಬರೆದರೂ ನಾನು ಪಕ್ಕದಲ್ಲೇ ನಿಂತು, "ಯ, ಹೂ, ದಿ" ಅಂತ ಅಕ್ಷರ ಅಕ್ಷರ ಹೇಳಿ, ತಪ್ಪಿದರೆ ಬೈದು, ಬರೆಸುವ ಚಟ ಹತ್ತಿತು. ಈ ಚಟ ಮುಂದೆ ನನಗೇ ತಿರುಗಿ ಬಡಿಯಿತು.

ಅಣ್ಣ ಏನಂದ?

ರಾಮದುರ್ಗಕ್ಕೆ ವರ್ಗದ ಆದೇಶ ಬಂತು. ಸವದತ್ತಿಯಿಂದ ಮುನವಳ್ಳಿ ಮೇಲೆ ಸುತ್ತು ಹಾಕಿ ಹೋಗುವ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಮಾತ್ರ ನಾನು ಕೂಡಲೇಬೇಕು, ಅದಕ್ಕೇ ಬಸ್ಸಿನಲ್ಲಿ ಹೆಚ್ಚು ಮಾತಾಡುತ್ತೇನೆ. ಪಕ್ಕದಲ್ಲಿ ತಲೆಗೆ ಪಟಗಾ ಸುತ್ತಿದ ಒಬ್ಬ ರೈತರು. ನವಿಲುತೀರ್ಥದ ಕಾಲುವೆಯ ನೀರಿನ ಮೇಲೆ ಅವರದು ಎಂಟು ಎಕರೆ, ತಮ್ಮನದು ಎಂಟು ಎಕರೆ. ನೀರಿನ ಪಾಳಿಯ ಸಲುವಾಗಿ ಜಗಳವಾಗಿ ಅಣ್ಣ ತಮ್ಮರ ನಡುವೆ ಒಂಬತ್ತು ವರ್ಷದಿಂದ ಮಾತಿಲ್ಲ ಎಂದರು.

"ಇದೇನ ಹೊಸಾದಲ್ರಿ, ನಾ ಕಲಿತದ್ದೂ ಇಂಥಾದ್ದ ಒಂದು ಜಗಳಾ" ಎಂದೆ. ಈ ಸಲ ಸಂಬಂಧ ಅನ್ನುವ ಶಬ್ದವನ್ನು ಬಾಯಿಂದ ಬಿಡಲಿಲ್ಲ. "ಒಂದ ಮನಿ, ಒಂದ ದೇವರು. ಅಣ್ಣ ಯಹೂದಿ, ತಮ್ಮ ಕ್ರೈಸ್ತ ಅಂತ ತಿಳೀರಿ. ಒಂದಿನ ತಮ್ಮ ಅಂದ, ದೇವರು ನಿನ್ನ ಬಿಟ್ಟು ನನ್ನ ಹಿಡದಾನ, ಮನಿ ಹಿರೇತನ ಇನ್ನ ಮ್ಯಾಲೆ ನಂದು ಅಂತ."

ರೈತರು ಪೂರ್ತಿ ನನ್ನ ಕಡೆ ತಿರುಗಿ ಕೂತರು. ಕಣ್ಣು ಅರಳಿದ್ದವು. "ಹಿಂಗಂದನ! ಅಣ್ಣ ಏನಂದ?"

ಇಷ್ಟು ವರ್ಷ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. ಹೇಳಲು ಗಂಟಲು ಸರಿಮಾಡಿಕೊಂಡೆ. ಕಂಡಕ್ಟರ್ ಕೂಗಿದ, "ಮುನವಳ್ಳಿ! ಇಳೀರಿ, ಲಗೂನ ಇಳೀರಿ!" ರೈತರು ಇಳಿಯಬೇಕಾಯಿತು. ಕೆಳಗಿನಿಂದ ಕಿಟಕಿಗೆ ಕೈ ಹಚ್ಚಿ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, "ಸರ್, ಅಣ್ಣ ಏನಂದ?" ಎಂದರು. ನಾನು ಎದ್ದು, "ನಾನೂ ಇಲ್ಲೇ ಇಳಿತೇನಿ" ಎಂದೆ.

"ನಿಮ್ಮ ಟಿಕೇಟ ರಾಮದುರ್ಗದ್ದು. ಕುಂದರ್ರಿ ಸುಮ್ನ" ಎಂದ ಕಂಡಕ್ಟರ್. "ಮನಿ ಜಗಳಾ ಬಗಿಹರಸಾಕ ಬಸ್ ನಿಲ್ಲಿಸಿದ್ರ ನಾವು ಡಿಪೋ ಮುಟ್ಟಿದಂಗ."

ಒಂದು ತಾಸು

ರಾಮದುರ್ಗದಲ್ಲಿ ಎರಡು ವರ್ಷ ಕಳೆದು, ನಿವೃತ್ತಿಗೆ ಒಂದು ವಾರ ಉಳಿಯಿತು. ಪ್ರಾಂಶುಪಾಲರು ರಸಾಯನಶಾಸ್ತ್ರದ ಹೆಣ್ಣುಮಗಳು, ನನಗಿಂತ ಬಹಳ ಚಿಕ್ಕವರು. ಕರೆದು ಕೇಳಿದರು. "ಸರ್, ಬೀಳ್ಕೊಡುಗಿಗೆ ಶಾಲು, ಹಾರ ಎಲ್ಲಾ ತರಸೇವಿ. ನಿಮಗ ಮತ್ತೇನರ ಬೇಕೇನ್ರಿ?"

"ಒಂದು ತಾಸು ಬೇಕ್ರಿ."

"ಬಿಡುವೇನ್ರಿ?"

"ಅಲ್ರಿ, ಪಾಠ."

ಅವರು ನಗಲಿಲ್ಲ. ಶನಿವಾರ ಹನ್ನೊಂದರಿಂದ ಹನ್ನೆರಡು, ಸಭಾಂಗಣ ನಿಮ್ಮದು ಎಂದರು. ನನಗೆ ವಾರವಿಡೀ ಅನ್ನ ಸೇರಲಿಲ್ಲ. ಗುಮಾಸ್ತರ ಎದುರು ನಿಂತು, ಗೇಟಿನ ಬೋರ್ಡಿಗೆ "ಯಹೂದಿ–ಕ್ರೈಸ್ತ ಸಂಬಂಧ: ಎರಡು ಸಾವಿರ ವರ್ಷ" ಅಂತ ಬರೆಯಲು ಹೇಳಿದೆ. "ಯ, ಹೂ, ದಿ" ಎಂದು ನಾಲ್ಕು ಸಲ ಹೇಳಿ, ತಪ್ಪಿದರೆ ನನ್ನಷ್ಟು ಕೆಟ್ಟವರಿಲ್ಲ ಎಂದೂ ಹೇಳಿದೆ.

ನಾನು ಓಡಾಡುವುದು ಹಿಂದಿನ ಗೇಟಿನಿಂದ, ಇಷ್ಟು ಹೇಳಿದ ಮೇಲೆ ಬೋರ್ಡು ನೋಡಲು ಹೋಗಲಿಲ್ಲ. ಶನಿವಾರ ಸಭಾಂಗಣದ ಬಾಗಿಲಿಗೆ ಬಂದು ನೋಡಿದರೆ ಕಾಲಿಡಲು ಜಾಗವಿಲ್ಲ. ನೇಕಾರರ ಓಣಿಯವರು, ಪೇಟೆಯವರು, ಹಳ್ಳಿಗಳಿಂದ ಬಂದವರು, ಇಳಕಲ್ ಸೀರೆಯ ಹೆಣ್ಣುಮಕ್ಕಳು. ನನ್ನ ಕಣ್ಣು ತುಂಬಿಬಂದವು. ಆಮೇಲೆ ಕಣ್ಣೊರೆಸಿಕೊಂಡು ನೋಡಿದಾಗ ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಫೋಟೋ ಕಂಡವು. ಗುಮಾಸ್ತರನ್ನು ಮೂಲೆಗೆ ಎಳೆದು, "ಏನ ಬರದೀರಿ?" ಎಂದೆ.

ಅವರು ಮೊಬೈಲಿನಲ್ಲಿ ಬೋರ್ಡಿನ ಫೋಟೋ ತೋರಿಸಿದರು. "ಸಂಬಂಧ: ತಜ್ಞರಿಂದ ಒಂದು ತಾಸಿನ ಮಾರ್ಗದರ್ಶನ. ಎಲ್ಲರಿಗೂ ಸ್ವಾಗತ."

"ಯಹೂದಿ–ಕ್ರೈಸ್ತ ಎಲ್ಲಿ ಹೋತ್ರಿ?"

"ತಪ್ಪ ಬರದ್ರ ಬೈತೀರಿ ಅಂತ ಅವೆರಡ ಬಿಟ್ಟೆ ಸರ್. ಜಾಗಾ ಉಳೀತು, ಮಾರ್ಗದರ್ಶನ ಹಾಕಿ ತುಂಬಸಿದೆ." ಆ ಫೋಟೋ ಪಾಲಕರ ಗುಂಪಿನಿಂದ ಬೀಗರ ಗುಂಪಿಗೆ ಹೋಗಿ, ಮುನವಳ್ಳಿಯನ್ನೂ ದಾಟಿತ್ತಂತೆ.

ನಿಜ ಹೇಳಿ ಎಲ್ಲರನ್ನೂ ಕಳಿಸಿಬಿಡಬೇಕಿತ್ತು. ಕಳಿಸಲಿಲ್ಲ. ಸಭಾಂಗಣ ತುಂಬಿದೆ, ಹನ್ನೊಂದು ಹೊಡೆದಿದೆ, ನನ್ನ ಜೀವನದಲ್ಲಿ ಇಂಥದು ಇನ್ನೊಮ್ಮೆ ಬರುವುದಿಲ್ಲ. ವೇದಿಕೆ ಹತ್ತಿ, "ಒಂದು ಮನೆತನದ ಸಂಬಂಧ ಹೇಳತೇನಿ. ಹೆಂಗ ಕೆಟ್ಟಿತು ಅಂತ ಕೇಳ್ರಿ" ಎಂದೆ.

ಮೂರನೆಯ ಸಾಲಿನಿಂದ ಒಂದು ಪಟಗಾ ಎದ್ದು ನಿಂತಿತು. ಕೈಯಲ್ಲಿ ಮಗಳ ಫೋಟೋ. "ಸರ್, ನೀವ ಆ ಬಸ್ಸಿನ ಸರ್ ಅಲ್ಲೇನ್ರಿ? ಎರಡ ವರ್ಷ ಆತು, ನನಗ ಸಮಾಧಾನ ಇಲ್ಲ. ಅಣ್ಣ ಏನಂದ?"

ಹೇಳಿದೆ. ಅಣ್ಣ ಅಂದ, ನಾನಿನ್ನೂ ಜೀವಂತ ಇದ್ದೇನೆ, ನನ್ನ ಗ್ರಂಥ ನನ್ನ ಕೈಯಲ್ಲೇ ಇದೆ, ನೀನು ಹಿರಿಯ ಹೇಗಾದೆ? ಆಮೇಲೆ ತಮ್ಮನಿಗೆ ರಾಜ್ಯ ಬಂತು, ಸೈನ್ಯ ಬಂತು. ಅಣ್ಣನನ್ನು ಕೇರಿಯಲ್ಲಿ ಕೂಡಿಹಾಕಿ ಹೊರಗಿನಿಂದ ಕೀಲಿ ಜಡಿದ. ಇಲ್ಲದ ಅಪವಾದ ಹೊರಿಸಿದ, ದೇಶ ಬಿಡಿಸಿದ, ಕೊಂದ. ಅಡ್ಡಾಡುತ್ತ, ಬೆವರುತ್ತ ಹೇಳಿದೆ. ಕೋಟೆ ಅಲ್ಲ ದೊಡ್ಡಿ ಅಂದ ಹವಾಲ್ದಾರರ ಮಾತನ್ನೂ ಹೇಳಿದೆ. ಹೆಣ್ಣುಮಕ್ಕಳು ಲೊಚಗುಟ್ಟಿದರು. ಯಾರೂ ಏಳಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಬಾಗಿಲಲ್ಲಿ ಶಿಪಾಯಿ ಕಾಣಿಸಿದ, ಕೈಯಲ್ಲಿ ನೋಟೀಸಿನ ಪುಸ್ತಕ. ಊರು ಬೇರೆ, ಮನುಷ್ಯ ಬೇರೆ, ಪುಸ್ತಕ ಅದೇ. ನನ್ನ ಕಾಲು ನಿಂತುಹೋದವು. "ಓದ್ರಿ" ಎಂದೆ, ಸತ್ತ ದನಿಯಲ್ಲಿ.

ಅವನು ಪುಸ್ತಕವನ್ನು ಬಗಲಿಗೆ ಇಟ್ಟುಕೊಂಡು ಹೊಸ್ತಿಲ ಮೇಲೆ ಕೂತ. "ಸಂಜಿಕಿ ಓದತೇನಿ ಬಿಡ್ರಿ ಸರ್. ಮುಂದ ಏನಾತು?"

ಆ ಒಂದು ಮಾತಿಗೆ ಇಪ್ಪತ್ತೊಂಬತ್ತು ವರ್ಷ ಸಾರ್ಥಕ ಅನ್ನಿಸಿತು. ಮುಂದಿನ ಇಪ್ಪತ್ತು ನಿಮಿಷ ಹೇಗೆ ಹೋಯಿತೋ ಗೊತ್ತಿಲ್ಲ. ಮಾತು ಮುಗಿಯುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

ರೈತರು ಮತ್ತೆ ಎದ್ದರು. "ಈಗರ ಮಾತಾಡ್ತಾರೇನ್ರಿ?"

"ಈಗೀಗ ಸುರು ಮಾಡ್ಯಾರ. ಆಗಬಾರದ್ದೆಲ್ಲಾ ಆದ ಮ್ಯಾಲೆ. ತಮ್ಮನ ಮನಿಯವರ ಮೊದಲ ಬಂದು, ನಮ್ಮ ತಪ್ಪಾತು ಅಂದ್ರು."

ರೈತರು ಗರ್ರನೆ ಹಿಂದಕ್ಕೆ ತಿರುಗಿದರು. "ಕೇಳಿಸ್ತಿಲ್ಲೋ? ತಮ್ಮ ಮೊದಲ ಬರಬೇಕು! ಸರ್ ಹೇಳಾಕ ಹತ್ಯಾರ!"

ಕೊನೆಯ ಸಾಲಿನಲ್ಲಿ ಇನ್ನೊಂದು ಪಟಗಾ ಎದ್ದಿತು. ಅವರ ಕೈಯಲ್ಲೂ ಒಂದು ಫೋಟೋ. "ತಮ್ಮ ಬರತಾನ! ಮೊದಲ ಅಣ್ಣ ಕಾಲುವಿ ನೀರ ಬಿಡ್ಲಿ!"

ಸಭಾಂಗಣದ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಮುನವಳ್ಳಿಯ ಕಡೆಯವನೊಬ್ಬ ಸಣ್ಣಗೆ, "ಏ, ಹನ್ನೊಂದ ವರ್ಷದ ಮ್ಯಾಲೆ ಮಾತಾಡಿದ್ರಲೇ!" ಎಂದ. ಇಬ್ಬರಿಗೂ ಆಗಲೇ ಗೊತ್ತಾದದ್ದು, ಮಾತಾಡಿಬಿಟ್ಟಿದ್ದೇವೆ ಅಂತ. ಅಣ್ಣ ಪಟಗಾ ತೆಗೆದು ತಲೆ ತುರಿಸಿಕೊಂಡರು. "ಬುಧವಾರ ಬಿಡತೇನಿ" ಎಂದರು.

"ಮಂಗಳವಾರ ಬಿಡು."

"ಆತು, ಮಂಗಳವಾರ."

ಮುಂದಿನ ಸಾಲಿನ ಅಜ್ಜಿಯೊಬ್ಬಳು ವೇದಿಕೆ ಹತ್ತಿ ಬಂದು, ಅಲ್ಲಿನ ಕುರ್ಚಿಯನ್ನು ನನ್ನ ಕಡೆ ದಬ್ಬಿ, ಮೇಜಿನ ಮೇಲೆ ತನ್ನ ಫೈಲು ಇಟ್ಟಳು. "ಸರ್, ಎರಡ ಸಾವಿರ ವರ್ಷದ್ದು ಮಾತಿಗೆ ಬಂತು, ಹನ್ನೊಂದ ವರ್ಷದ್ದು ನಮ್ಮ ಕಣ್ಣ ಮುಂದ ಬಂತು. ನಮ್ಮ ಮೊಮ್ಮಗಳದು ಬರೇ ನಾಕ ವರ್ಷದಿಂದ ಕೂಡವಲ್ದು. ಅಡ್ಡಾಡಬ್ಯಾಡ್ರಿ, ಕುಂತ ನೋಡ್ರಿ."

ಅವಳ ಹಿಂದೆ ಬಾಗಿಲತನಕ ಸಾಲು ಹತ್ತಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಪಾಠದ ಜಾಗದಲ್ಲಿ ಕುರ್ಚಿಯ ಮೇಲೆ ಕೂತೆ. ಕನ್ನಡಕ ಏರಿಸಿಕೊಂಡು ಫೈಲು ತೆರೆದೆ.

"ಹುಡುಗಿ ಏನ ಓದ್ಯಾಳ್ರಿ?"